ಪರವಾಗಿ ಬರೆಯುವ ಮೊದಲು

ಮಾಸ್ತರರು ಎಡಗಣ್ಣನ್ನು ಅರ್ಧ ಮುಚ್ಚಿ, ಕನ್ನಡಕವನ್ನು ಹಣೆಗೇರಿಸಿ, ಬಂದವರ ಮುಖ ಮೊದಲು ಓದುತ್ತಿದ್ದರು. ಕಾಗದ ಓದುವುದು ಆಮೇಲೆ. ಮುದ್ದೇಬಿಹಾಳದ ಬಸ್ ನಿಲ್ದಾಣದ ಹಿಂದೆ ಅವರದು ಟೈಪಿಂಗ್ ಅಂಗಡಿ. ಇಂಗ್ಲಿಷ್ ಅರ್ಜಿ ಬೇಕಾದವರು ಅಲ್ಲಿಗೇ ಹೋಗಬೇಕು, ಬೈಸಿಕೊಂಡೇ ಬರಬೇಕು. ಎಲ್ಲರಿಗೂ ಅವರು ಟೈಪಿಂಗ್ ಮಾಸ್ತರರು.

ಯಾರ ಮೇಲೂ ಅವರಿಗೆ ನಂಬಿಕೆಯಿರಲಿಲ್ಲ. ಆಧಾರ್ ಕಾರ್ಡಿನ ಫೋಟೊ ಹಿಡಿದು ನಿಮ್ಮ ಕಿವಿಯ ಜೊತೆ ತಾಳೆ ನೋಡುವ ಮನುಷ್ಯ. ಅದರಲ್ಲೂ ‘ಆನ್ ಬಿಹಾಫ್ ಆಫ್’, ಅಂದರೆ ಇಂಥವರ ಪರವಾಗಿ, ಎಂದು ಬರೆಸಲು ಹೋದರೆ ಕಥೆ ಮುಗಿದಂತೆ. ಸಿಂದಗಿಯವನೊಬ್ಬ ತಂದೆಯ ಪರವಾಗಿ ಅರ್ಜಿ ಬರೆಸಲು ಬಂದಾಗ, ಅಂಗಡಿಗೆ ಬಾಗಿಲು ಹಾಕಿ, ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದ ಆ ಹಿರಿಯರನ್ನೇ ಕೇಳಿಬಂದು ಟೈಪ್ ಮಾಡಿದ್ದರು.

“‘ಆನ್ ಬಿಹಾಫ್ ಆಫ್’ ಮುಂದ ಯಾರ ಹೆಸರು ಬರೀತೀರಿ, ಅವರು ಬರೀ ಅಂತ ಹೇಳಿರಬೇಕ್ರಿ. ನಿಮ್ಮ ಮನಸಿಗೆ ಬಂದದ್ದಕ್ಕ ಅವರ ಹೆಸರು ಹಚ್ಚಾಕ ಅಲ್ಲ ಅದು,” ಎನ್ನುತ್ತಿದ್ದರು.

ನನ್ನ ತಂಗಿ ಅದೇ ಊರಿನ ಇಂಗ್ಲಿಷ್ ಶಾಲೆಯೊಂದರಲ್ಲಿ ಟೀಚರ್. ಬಸವನ ಬಾಗೇವಾಡಿಯ ಹುಡುಗನ ಜೊತೆ ಅವಳ ಮದುವೆ ಗೊತ್ತಾದಾಗ, ಕೆಲಸ ಬಿಡಿಸುವುದೆಂದು ಮನೆಯ ಹಿರಿಯರು ಮಾತಾಡಿ ಮುಗಿಸಿದರು. ಅವಳ ಪರವಾಗಿ ರಾಜೀನಾಮೆ ಬರೆಸಿಕೊಂಡು ಬರಲು ನನ್ನನ್ನು ಕಳಿಸಿದರು. ನಾನೂ ದೊಡ್ಡ ಅಣ್ಣನ ಠೀವಿಯಲ್ಲಿ ಹೋದೆ.

ಮಾಸ್ತರರ ಬೆರಳು ಕೀಬೋರ್ಡಿನ ಮೇಲೆ ನಿಂತಿತು.

“ತಂಗಿ ಹೇಳ್ಯಾಳೇನ್ರಿ?”

“ಮನ್ಯಾಗ ಎಲ್ಲಾರೂ ಮಾತಾಡೇವ್ರಿ.”

“ಎಲ್ಲಾರದೂ ನಾ ಕೇಳಿಲ್ಲ. ಫೋನ್ ಹಚ್ರಿ. ಸ್ಪೀಕರ್ ಹಾಕ್ರಿ.”

ಸಿಟ್ಟು ನೆತ್ತಿಗೇರಿತು. ಶಾಲೆಯವರೇ ಇವರ ಕಿವಿಯೂದಿರಬೇಕೆಂದು ನನಗೂ ಗುಮಾನಿ. ಆದರೂ ಹಚ್ಚಿ, ರಾಜೀನಾಮೆ ಬರೆಸಲೇನು ಎಂದು ತಂಗಿಯನ್ನು ಕೇಳಿದೆ. ಅವಳ ಹಿಂದೆ ಮಕ್ಕಳ ಗದ್ದಲವಿತ್ತು.

“ಅಣ್ಣಾ, ನನಗ ಬಿಡಾಕ ಮನಸಿಲ್ಲ. ಇಷ್ಟ ದಿನದಾಗ ನೀ ಒಬ್ಬನ ನನ್ನ ಕೇಳಿದಿ,” ಎಂದಳು.

ಮಾಸ್ತರರು ಮುಂದಿನವರ ಕಾಗದ ಕೈಗೆತ್ತಿಕೊಂಡರು. ನಾನು ಬರಿಗೈಯಲ್ಲಿ ಮನೆಗೆ ಹೋಗಿ, ಹಿರಿಯರ ಎದುರು ಮೊದಲ ಸಲ ದನಿ ಏರಿಸಿದೆ. ಬೀಗರು ನಮ್ಮಷ್ಟು ತಕರಾರು ಮಾಡಲೇ ಇಲ್ಲ. ತಂಗಿ ಇಂದಿಗೂ ಬಾಗೇವಾಡಿಯಿಂದ ಬಸ್ಸಿನಲ್ಲಿ ಬಂದು ಪಾಠ ಮಾಡುತ್ತಾಳೆ.

ಹೋದ ವರ್ಷ ಮಾಸ್ತರರು ತೀರಿಕೊಂಡರು. ಮಣ್ಣಿಗೆ ಹೋಗಿ ಬಂದಾಗ ನನ್ನ ಕಣ್ಣು ಕೆಂಪಾಗಿದ್ದನ್ನು ನೋಡಿ ತಂಗಿ, “ಅವರು ನಿನಗ ಏನಾಗಬೇಕಿತ್ತಣ್ಣಾ?” ಎಂದಳು.

“ಏನಿಲ್ಲವಾ, ಪರಿಚಯದವರು,” ಎಂದೆ.

ಮದುವೆಯ ಹೊತ್ತಿಗೆ ಮನೆಯಲ್ಲಿ ತನ್ನ ಇಷ್ಟ ಕೇಳಿದವನು ಮಾಮಾ ಒಬ್ಬನೇ ಎಂದು ಅವಳು ಮಗಳಿಗೆ ಹೇಳುತ್ತಿರುತ್ತಾಳೆ. ನನ್ನಿಂದ ಆ ಮಾತು ಕೇಳಿಸಿದವರು ಯಾರೆಂದು ಹೇಳಲು ನನಗೆ ಇನ್ನೂ ಧೈರ್ಯ ಬಂದಿಲ್ಲ.