ಉಪದೇಶಿಯವರ ಸೋಮವಾರ

ಒಂದು ಸೋಮವಾರ, ಅತ್ತೆಯ ಹುಟ್ಟುಹಬ್ಬಕ್ಕೆ ಪ್ರಾರ್ಥನೆ ಹೇಳಲು ನಮ್ಮ ಚರ್ಚಿನ ಉಪದೇಶಿಯವರನ್ನು ವಿಜಯನಗರದ ಮನೆಗೆ ಕರೆದಿದ್ದೆವು. ಚಪ್ಪಲಿ ಬಿಡುವಾಗ ಅವರು ಗೋಡೆ ಹಿಡಿದುಕೊಂಡದ್ದು ನನ್ನ ಕಣ್ಣಿಗೆ ಬಿತ್ತು. ಕೇಕಿನ ಮುಂದೆ ನಿಂತು ಕಣ್ಣು ಮುಚ್ಚಿ ಶುರು ಮಾಡಿದರು. ಬಾಯಿಂದ ಬಂದದ್ದು ಮಾತ್ರ ಸತ್ತವರಿಗಾಗಿ ಹೇಳುವ ಪ್ರಾರ್ಥನೆ.

“ನಾನಿನ್ನೂ ಇದೀನಿ ಕಣಪ್ಪ, ಕೇಕೂ ತಿಂದಿಲ್ಲ,” ಅಂದರು ಅತ್ತೆ.

ಎಲ್ಲರೂ ನಕ್ಕರು. ಉಪದೇಶಿಯವರ ಕಣ್ಣು ತುಂಬಿ ಬಂತು.

“ತಪ್ಪಾಯ್ತಮ್ಮ. ಬೆಳಿಗ್ಗೆ ಕೆಂಗೇರೀಲಿ ಮಣ್ಣಿಗೆ ಹೋಗಿದ್ದೆ, ಆಮೇಲೆ ಇನ್ನೆರಡು ಮನೆ. ಯಾರ ಮನೇಲಿದೀನಿ ಅನ್ನೋದೇ ಈಚೆಗೆ ಮರೆತುಹೋಗುತ್ತೆ.”

“ಸೋಮವಾರ ನಿಮಗೆ ರಜೆ ಅಲ್ವಾ?” ಅಂದೆ.

“ರಜೆ ಇರುತ್ತೆ ಅಂತಲೇ ಎಲ್ಲರೂ ಕರೀತಾರೆ ಅಕ್ಕಾ.”

ನಾವೂ ಹಾಗೆಂದೇ ಕರೆದಿದ್ದೆವು. ಅತ್ತೆ ಅವರನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ, ಪ್ರಾರ್ಥನೆಯನ್ನು ತಾವೇ ಹೇಳಿ ಮುಗಿಸಿದರು. ಊಟ ಬಡಿಸುವಷ್ಟರಲ್ಲಿ ಉಪದೇಶಿಯವರಿಗೆ ಕೂತಲ್ಲೇ ನಿದ್ದೆ ಹತ್ತಿತ್ತು. ಮೇಜಿನ ಮೇಲಿದ್ದ ಅವರ ಫೋನು ಬಡಿದುಕೊಂಡಾಗ ನಾನೇ ಎತ್ತಿಕೊಂಡೆ. ಕುರುಬರಹಳ್ಳಿಯ ಒಂದು ಮನೆಯವರು, ಸಂಜೆ ಮಣಿ ಎಣಿಸುತ್ತ ಹೇಳುವ ಜಪಸರದ ಪ್ರಾರ್ಥನೆಗೆ ಕರೆಯುತ್ತಿದ್ದರು.

“ಅವರಿಗೆ ಇವತ್ತು ರಜೆ,” ಎಂದು ಮೆಲ್ಲಗೆ ಹೇಳಿದೆ. “ನಾನು, ನಮ್ಮತ್ತೆ ಬಂದು ನಿಮ್ಮ ಜೊತೆ ಜಪಸರ ಹೇಳ್ತೀವಿ, ಆಗಬಹುದಾ?”