ಎರಡು ಕಂಬವೋ, ಕತ್ತರಿಯೋ

ನನ್ನ ಸೊಂಟ ಹಿಡಿದುಕೊಂಡದ್ದು ಕಾರಿನ ಕೆಳಗೆ. ಸೈಲೆನ್ಸರಿನ ಒಂದು ಬೋಲ್ಟು ತುಕ್ಕು ಹಿಡಿದು ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ಶೆಡ್ಡಿನಲ್ಲಿ ಚಾಪೆ ಹಾಸಿ ಅಂಗಾತ ಮಲಗಿ, ಸ್ಪ್ಯಾನರಿಗೆ ಎರಡೂ ಕೈಯ ಬಲ ಕೊಟ್ಟೆ. ಬೋಲ್ಟು ಇದ್ದ ಹಾಗೇ ಇತ್ತು, ತಿರುಗಿದ್ದು ನನ್ನ ಬೆನ್ನೊಳಗಿನ ಏನೋ ಒಂದು. ಕೂಗಿಕೊಂಡೆ. ನನ್ನ ಗಂಡ ಓಡಿ ಬಂದು ಚಾಪೆಯ ತುದಿ ಹಿಡಿದು, ಮೂಟೆ ಎಳೆದ ಹಾಗೆ ನನ್ನನ್ನು ಹೊರಗೆ ಎಳೆದರು.

ಏನು ಕೆಲಸ ಮಾಡುವಾಗ ಹೀಗಾಯಿತು ಎಂದು ಡಾಕ್ಟರು ಕೇಳಿದರು. ಹೇಳಿದೆ. ಅವರು ನನ್ನ ಗಂಡನ ಮುಖವನ್ನು ಒಂದು ಥರಾ ನೋಡಿದರು, ಇವರೇ ಹೆಂಡತಿಯ ಕೈಲಿ ಮೆಕ್ಯಾನಿಕ್ ಕೆಲಸ ಮಾಡಿಸುತ್ತಿದ್ದಾರೆ ಎನ್ನುವಂತೆ. ಇನ್ನು ನೆಲದ ಮೇಲೆ ಮಲಗಿ ಕೆಲಸ ಮಾಡುವ ಮಾತೇ ಇಲ್ಲ, ನಿಂತು ಮಾಡುವುದಾದರೆ ಮಾಡಿ ಎಂದರು.

ಮಾಡಿಸುವವರು ಯಾರೂ ಇರಲಿಲ್ಲ, ಹುಚ್ಚು ನನ್ನದೇ. ನಾನು ಕೆಲಸಕ್ಕಿದ್ದದ್ದು ವಿಮೆ ಕಂಪನಿಯ ವಾಹನ ವಿಭಾಗದಲ್ಲಿ. ಸರ್ವೀಸಿನ ಉದ್ದಕ್ಕೂ ಜಜ್ಜಿಹೋದ ಕಾರುಗಳನ್ನು ಫೋಟೋಗಳಲ್ಲಿ ನೋಡಿದ್ದೇ ನೋಡಿದ್ದು, ಒಂದನ್ನೂ ಮುಟ್ಟಿರಲಿಲ್ಲ. ನಿವೃತ್ತಿಯಾದ ಮೇಲೆ ಕ್ರೋಂಪೇಟೆಯಲ್ಲಿ ಒಬ್ಬರು ಗುಜರಿಗೆ ಹಾಕಲಿದ್ದ ಹಳೆಯ ಕಾರೊಂದನ್ನು ತಂದು ಶೆಡ್ಡಿನಲ್ಲಿ ನಿಲ್ಲಿಸಿದೆ. ಗಂಡನ ಹಳೆಯ ಶರ್ಟು ಹಾಕಿಕೊಂಡು ಗ್ರೀಸು ಮೆತ್ತಿದ ಕೈಯಲ್ಲಿ ಗೇಟಿನ ಹತ್ತಿರ ಬಂದು ಹೂವು ಕೊಳ್ಳುವ ನನ್ನನ್ನು ನೋಡಿ ನಮ್ಮ ತಾಂಬರಂ ಬೀದಿಯವರಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅಭ್ಯಾಸವಾಯಿತು.

ನಿಂತು ಕೆಲಸ ಮಾಡಬೇಕೆಂದರೆ ಒಂದೋ ಕಾರು ಮೇಲಕ್ಕೆ ಹೋಗಬೇಕು, ಇಲ್ಲವೇ ನಾನು ಕೆಳಕ್ಕೆ ಇಳಿಯಬೇಕು. ರೈಲ್ವೆಯಲ್ಲಿ ದುಡಿದು ಬಂದ ನನ್ನ ಗಂಡನಿಗೆ ಎರಡನೆಯದೇ ಸರಿ ಎನಿಸಿತು. ರೈಲಿನ ಶೆಡ್ಡುಗಳಲ್ಲಿ ಎಲ್ಲ ಗುಂಡಿಯೊಳಗೆ ನಿಂತೇ ಕೆಲಸ ಮಾಡುವುದು, ಅದಕ್ಕಿಂತ ಸುಲಭದ ದಾರಿ ಇಲ್ಲ ಎಂದರು. ದೀಪಾವಳಿ ಹೊತ್ತಿನ ಐಪ್ಪಸಿ ತಿಂಗಳ ಮಳೆಗೆ ನೀರು ನುಗ್ಗುತ್ತದೆಂದು ನಮ್ಮ ಬೀದಿಯವರೆಲ್ಲ ಕಾರು ತೆಗೆದುಕೊಂಡು ಹೋಗಿ ಫ್ಲೈಓವರ್ ಮೇಲೆ ನಿಲ್ಲಿಸಿ ಬರುತ್ತಾರೆ, ಇನ್ನು ಗುಂಡಿಯ ಗತಿ ಏನು ಎಂದೆ. ಅವರು ವಾದಕ್ಕೆ ನಿಲ್ಲದೆ ಹಾರೆ ತಂದು ಶೆಡ್ಡಿನ ಪಕ್ಕದ ಮಣ್ಣಿನಲ್ಲಿ ಮೊಣಕಾಲುದ್ದ ಅಗೆದರು. ಬೆಳಿಗ್ಗೆ ಎದ್ದು ನೋಡಿದರೆ ಅದರಲ್ಲಿ ನೀರು ನಿಂತಿತ್ತು. ಮಳೆಯೇನೂ ಬಂದಿರಲಿಲ್ಲ. ಅವರು ಮತ್ತೆ ಹಾರೆ ಹಿಡಿದು ಮಣ್ಣು ಮುಚ್ಚಿದರು.

ಹಾಗಾಗಿ ಲಿಫ್ಟು ಎಂದು ತೀರ್ಮಾನವಾಯಿತು. ತೀರ್ಮಾನವಾದದ್ದು ಅಷ್ಟೇ. ಎಂಥ ಲಿಫ್ಟು ಎಂದು ಹುಡುಕತೊಡಗಿದ ಮೇಲೆ ನನಗೆ ತಲೆಬುಡ ತಿಳಿಯದಂತಾಯಿತು. ಎರಡು ಕಂಬದ್ದು ಇದೆ, ನಾಲ್ಕು ತೋಳು ಚಾಚಿ ಕಾರನ್ನು ಹೊಟ್ಟೆಯ ಕೆಳಗೆ ಹಿಡಿದು ಎತ್ತುತ್ತದೆ, ಚಕ್ರಗಳು ಗಾಳಿಯಲ್ಲಿ ನೇತಾಡುತ್ತವೆ. ನಾಲ್ಕು ಕಂಬದ್ದು ಇದೆ, ಕಾರನ್ನು ಹಲಗೆಗಳ ಮೇಲೆ ಓಡಿಸಿ ಹಾಗೇ ಎತ್ತುವುದು. ಕತ್ತರಿಯ ಹಾಗೆ ಮಡಚಿಕೊಂಡು ನೆಲಕ್ಕೆ ಅಂಟಿಕೊಂಡಿದ್ದು, ಬೇಕಾದಾಗ ಬಿಚ್ಚಿಕೊಂಡು ಏಳುವುದೂ ಇದೆ. ಫೋನಿನಲ್ಲಿ ವೀಡಿಯೊ ನೋಡುತ್ತ ಕೂತರೆ ಒಬ್ಬ ಹೊಗಳಿದ್ದನ್ನು ಇನ್ನೊಬ್ಬ ಮೂದಲಿಸುತ್ತಿದ್ದ. ಒಬ್ಬನನ್ನು ನೋಡಿದಾಗ ಅವನೇ ಸರಿ ಎನಿಸುತ್ತಿತ್ತು, ಮುಂದಿನವನನ್ನು ನೋಡಿದಾಗ ಇವನೇ ಸರಿ.

ಅಂಬತ್ತೂರಿನ ಕಡೆ ಇಂಥವನ್ನು ಮಾರುವ ಒಬ್ಬರ ಹತ್ತಿರ ಹೋದೆವು. ನಾನು ಪ್ರಶ್ನೆ ಕೇಳಲೆಂದು ಹೋದರೆ ಅವರೇ ನನ್ನನ್ನು ಕೇಳತೊಡಗಿದರು. ನಿಮ್ಮ ಶೆಡ್ಡಿನ ಸೂರು ಎಷ್ಟು ಎತ್ತರ? ನೆಲದ ಕಾಂಕ್ರೀಟು ಎಷ್ಟು ದಪ್ಪ, ಒಳಗೆ ಕಂಬಿ ಇದೆಯೇ? ತ್ರೀ ಫೇಸ್ ಕರೆಂಟೋ, ಸಿಂಗಲ್ಲೋ? ಕರೆಂಟಿನದು ನನ್ನ ಗಂಡನಿಗೆ ಗೊತ್ತಿತ್ತು. ನೆಲದೊಳಗೆ ಏನಿದೆ ಎಂದು ಮನೆ ಕಟ್ಟಿಸಿದ ಮಾವನವರಿಗಷ್ಟೇ ಗೊತ್ತಿದ್ದೀತು, ಅವರಿಲ್ಲ. ತಾನೇ ಬಂದು ನೋಡುತ್ತೇನೆ ಎಂದರು ಆತ.

ಆತ ಬಂದ ದಿನ ನನ್ನ ಅತ್ತೆ ಕುರ್ಚಿ ಹಾಕಿಸಿಕೊಂಡು ಶೆಡ್ಡಿನ ಬಾಗಿಲಲ್ಲಿ ಕೂತರು. ಅವರಿಗೆ ಎರಡೂ ಮಂಡಿ ಸವೆದಿವೆ, ಆಪರೇಷನ್ ಬೇಡವೆಂದು ಹಟ. ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾರೆ, ಮೆಟ್ಟಿಲು ಹತ್ತುವುದನ್ನು ಬಿಟ್ಟು ಕಾಲವಾಯಿತು. ಶೆಡ್ಡಿನ ವಿಷಯಕ್ಕೆ ಎಂದೂ ತಲೆ ಹಾಕದವರು ಅವತ್ತು ಆತನನ್ನು ತಮಿಳಿನಲ್ಲಿ ಒಂದೊಂದಾಗಿ ವಿಚಾರಿಸಿದರು. ಸದ್ದು ಜಾಸ್ತಿಯೇ? ನಡುವೆ ಕರೆಂಟು ಹೋದರೆ? ದಡಕ್ಕನೆ ಬೀಳುವುದಿಲ್ಲವಷ್ಟೆ? ಬೀಳುವುದಿಲ್ಲ ಪಾಟಿ, ಕೊಂಡಿ ಹಾಕಿಕೊಂಡು ಅಲ್ಲೇ ನಿಲ್ಲುತ್ತದೆ, ಕೈಯಿಂದಲೂ ಇಳಿಸಬಹುದು ಎಂದು ಆತ ತನ್ನ ಅಜ್ಜಿಗೆ ಹೇಳುವಷ್ಟು ಮರ್ಯಾದೆಯಿಂದ ಹೇಳಿದರು. ಅತ್ತೆ ತಲೆಯಾಡಿಸಿದರು. ಮಧ್ಯಾಹ್ನದ ನಿದ್ದೆಗೆ ತೊಂದರೆಯಾದೀತೆಂದು ಕೇಳುತ್ತಿದ್ದಾರೆ ಅಂದುಕೊಂಡೆ.

ಆತ ಅಳತೆ ಹಿಡಿದು ನೋಡಿ ಹೇಳಿದ್ದು ಇಷ್ಟು. ಸೂರು ತಗ್ಗು, ಅದರ ಮೇಲೆಯೇ ನಮ್ಮ ಮಲಗುವ ಕೋಣೆ. ಎರಡು ಕಂಬದ್ದು ಇಟ್ಟರೆ ಕಾರನ್ನು ಪೂರ್ತಿ ಎತ್ತಲಾಗುವುದಿಲ್ಲ, ನೆಲವನ್ನೂ ಒಡೆದು ಹೊಸದಾಗಿ ಹಾಕಬೇಕು. ನಾಲ್ಕು ಕಂಬದ್ದಕ್ಕೆ ಉದ್ದ ಸಾಲದು, ಗೇಟು ಮುಚ್ಚುವುದಿಲ್ಲ. ಕತ್ತರಿಯದು ಹಿಡಿಸುತ್ತದೆ, ಆದರೆ ಎದೆಮಟ್ಟಕ್ಕಿಂತ ಮೇಲೆ ಹೋಗುವುದಿಲ್ಲ. ಸ್ಟೂಲಿನ ಮೇಲೆ ಕೂತು ಕೆಲಸ ಮಾಡಬಹುದು. ನೀವೇ ಹೇಳಿ ಮೇಡಂ ಎಂದು ಆತ ಹೊರಟರು.

ಏನು ಹೇಳಲಿ ಎಂದು ಗೊಂದಲದಲ್ಲಿರುವಾಗಲೇ ಮೈಲಾಪೂರಿನಿಂದ ನನ್ನ ನಾದಿನಿಯ ಫೋನು ಬಂತು. ಅದೂ ಇದೂ ಮಾತಾಡಿ ಕೊನೆಗೆ ವಿಷಯಕ್ಕೆ ಬಂದಳು.

"ಅತ್ತಿಗೆ, ಅಮ್ಮಂಗೋಸ್ಕರ ಲಿಫ್ಟ್ ಹಾಕಿಸ್ತಿದೀರಂತೆ. ನಾನು ಮಗಳಾಗಿ ಇಷ್ಟು ಯೋಚ್ನೆ ಮಾಡ್ಲಿಲ್ಲ ನೋಡಿ."

ಹೂಂ ಅಂದೆನೋ ಉಹೂಂ ಅಂದೆನೋ ನೆನಪಿಲ್ಲ. ಅಮ್ಮ ಎಲ್ಲರಿಗೂ ಫೋನು ಮಾಡಿ ಹೇಳಿದ್ದಾರೆ, ಪಕ್ಕದ ಮನೆ ಮಾಮಿಗೂ ಹೇಳಿದ್ದಾರೆ ಎಂದು ಅವಳೇ ಮುಂದುವರಿಸಿದಳು. ಫೋನಿಟ್ಟ ಮೇಲೆ ಲಿಫ್ಟು ಲಿಫ್ಟು ಎಂದು ಮನೆಯಲ್ಲಿ ನಾವಾಡಿದ ಮಾತನ್ನೆಲ್ಲ ನೆನೆಸಿಕೊಂಡೆ. ಕಾರಿಗೆ ಎಂದು ಒಂದು ಸಲವಾದರೂ ಅತ್ತೆಯೆದುರು ಹೇಳಿದ್ದೆವೇ? ಹೇಳುವ ಅಗತ್ಯ ಇದೆಯೆಂದು ಯಾರಿಗೆ ಹೊಳೆದಿತ್ತು?

ನೀವೇ ನಿಮ್ಮ ತಾಯಿಗೆ ಹೇಳಿ ಎಂದು ಗಂಡನಿಗೆ ಹೇಳಿದೆ. ಲಿಫ್ಟು ಬೇಕೆಂದವಳು ನೀನು, ನೀನೇ ಹೇಳು ಎಂದರು. ಇಬ್ಬರೂ ಹೇಳಲಿಲ್ಲ. ಅತ್ತೆ ಊಟಕ್ಕೆ ಕೂತಾಗ ಅವರ ಮುಖ ನೋಡಲು ನನಗೆ ಮುಜುಗರ. ಅವರು ಮಾತ್ರ ಎಂದಿನ ಹಾಗೆ ಸಾರಿಗೆ ಉಪ್ಪು ಕಡಿಮೆ ಎನ್ನುತ್ತ ಉಣ್ಣುತ್ತಿದ್ದರು. ಅತ್ತ ಅಂಬತ್ತೂರಿನವರು ಏನು ಮಾಡಿದಿರಿ ಮೇಡಂ ಎಂದು ಫೋನು ಮಾಡುತ್ತಿದ್ದರು. ಮನುಷ್ಯರು ಹತ್ತುವ ಲಿಫ್ಟನ್ನೂ ನೀವು ಹಾಕುತ್ತೀರಾ ಎಂದು ಕೇಳಿಬಿಟ್ಟೆ. ಅದು ಬೇರೆಯವರ ಕೆಲಸ ಎಂದರು ಆತ. ಆ ಬೇರೆಯವರಿಗೂ ಫೋನು ಮಾಡಿದೆ. ಬಾಲ್ಕನಿ ಕತ್ತರಿಸಬೇಕಾಗುತ್ತದೆ, ಹಳೆಯ ಮನೆ, ಎಂಜಿನಿಯರು ನೋಡಿಯೇ ಹೇಳಬೇಕು ಎಂದರು. ಕಂಬವೋ ಕತ್ತರಿಯೋ ಎನ್ನುವುದರ ಜೊತೆಗೆ ಕಾರೋ ಅತ್ತೆಯೋ ಎನ್ನುವುದೂ ಸೇರಿಕೊಂಡು ತಲೆ ಗಿರ್ ಎನ್ನತೊಡಗಿತು.

ಕೊನೆಗೆ ಒಂದು ಬೆಳಿಗ್ಗೆ, ಅತ್ತೆ ಊಟದ ಮೇಜಿನ ಹತ್ತಿರ ಹುರುಳಿಕಾಯಿ ನಾರು ತೆಗೆಯುತ್ತಿದ್ದಾಗ ಪಕ್ಕದಲ್ಲಿ ಕೂತು ಹೇಳಿದೆ.

"ಅತ್ತೆ, ಆ ಲಿಫ್ಟು ಮನುಷ್ಯರಿಗಲ್ಲ. ಕಾರಿಗೆ."

"ಗೊತ್ತು ಕಣಮ್ಮ. ಅವ್ನು ಅಳತೆ ತೊಗೊಳೋವಾಗ ನಾನೂ ಅಲ್ಲೇ ಕೂತಿದ್ನಲ್ಲ."

"ಮತ್ತೆ ಎಲ್ರಿಗೂ ಹಾಗ್ಹೇಳಿದೀರಂತೆ?"

ಅವರು ನಾರನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದರು. "ಹೇಳಿದ್ದು ಮೊದ್ಲು. ತಿಳಿದಿದ್ದು ಆಮೇಲೆ. ಒಂದ್ಸಲ ಹೇಳಿದ್ಮೇಲೆ ಮಾಮಿಗೆ ಹೇಗೆ ಇಲ್ಲ ಅನ್ನೋದು? ಅವ್ಳು ಆಗ್ಲೇ ಎಂದ್ ಬರ್ತಿ, ಎಂದ್ ಬರ್ತಿ ಅಂತ ಶುರು ಮಾಡ್ಬಿಟ್ಟಿದ್ಲು."

ನಮ್ಮ ಮಹಡಿಯ ಬಾಲ್ಕನಿಗೂ ಪಕ್ಕದ ಮನೆಯ ಮಹಡಿಯ ಕಿಟಕಿಗೂ ನಡುವೆ ಕೈ ಚಾಚಿದರೆ ಪಾತ್ರೆ ದಾಟಿಸುವಷ್ಟೇ ಜಾಗ. ಅತ್ತೆಯೂ ಆ ಮಾಮಿಯೂ ಸೊಸೆಯರಾಗಿ ಈ ಬೀದಿಗೆ ಬಂದಾಗಿನಿಂದ ಅಲ್ಲಿ ನಿಂತು ಮಾತಾಡಿದವರು. ಮಾಮಿಯ ಮಗ ಕೆಳಗಿನ ಮನೆಯನ್ನು ಬಾಡಿಗೆಗೆ ಕೊಟ್ಟು ತಾಯಿಯನ್ನು ಮೇಲೆ ಇಟ್ಟುಕೊಂಡ. ಅವರಿಗೆ ಇಳಿಯಲಾಗದು, ಇವರಿಗೆ ಹತ್ತಲಾಗದು. ದಿನವೂ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ಅಡುಗೆಮನೆಯಲ್ಲಿ ನಿಂತರೆ ಮಾಮಿಯ ದನಿ ಫೋನಿನಿಂದಲೂ ಕೇಳುತ್ತದೆ, ಗೋಡೆಯಾಚೆಯಿಂದಲೂ ಕೇಳುತ್ತದೆ. ಅದನ್ನು ಕೇಳುತ್ತಲೇ ಅಡುಗೆ ಮಾಡಿಕೊಂಡಿದ್ದ ನನಗೆ, ಇವರಿಬ್ಬರೂ ಮುಖ ನೋಡದೆ ಎಷ್ಟು ಕಾಲವಾಯಿತು ಎಂದು ಯೋಚಿಸಬೇಕೆಂದು ತೋಚಿರಲಿಲ್ಲ.

ನೀವು ನಮಗೆ ಹೇಳಬಾರದಿತ್ತೇ ಎಂದೆ. ಏನು ಹೇಳೋದು, ದಿನಾ ಮಾತಾಡ್ತೀವಲ್ಲ ಎಂದು ಅವರು ಹುರುಳಿಕಾಯಿಯ ತಟ್ಟೆಯನ್ನು ನನ್ನ ಕಡೆ ತಳ್ಳಿದರು.

ಅವತ್ತೇ ಅಂಬತ್ತೂರಿಗೆ ಫೋನು ಮಾಡಿ ಕತ್ತರಿಯದೇ ಕಳಿಸಿ ಎಂದೆ. ಅದೇ ಯಾಕೆ ಎಂದು ಕೇಳಿದರೆ ಶೆಡ್ಡಿನ ಎತ್ತರದ ಮಾತು ಹೇಳುತ್ತೇನೆ. ನಿಜವಾಗಿ, ಯೋಚಿಸುವುದು ಸಾಕಾಗಿತ್ತು.

ಲಿಫ್ಟು ಲಾರಿಯಲ್ಲಿ ಬಂತು. ಜೊತೆಗೆ ಬಂದಿದ್ದ ಗಟ್ಟಿ ಆಳುಗಳು ಅದನ್ನು ಶೆಡ್ಡಿಗೆ ತಳ್ಳಿದರು, ಮೋಟಾರನ್ನು ಮಳೆನೀರು ಮುಟ್ಟದಷ್ಟು ಮೇಲೆ ಗೋಡೆಗೆ ಕೂರಿಸಿದರು. ಕೆಲಸ ಮುಗಿದು ಅವರಿಗೆ ಕಾಫಿ ಕೊಡುವಾಗ ನನ್ನ ಗಂಡನಿಗೆ ಏನನ್ನಿಸಿತೋ, ನಮ್ಮಮ್ಮನನ್ನು ಕುರ್ಚಿಯಲ್ಲಿ ಮಹಡಿಗೆ ಹೊತ್ತುಕೊಂಡು ಹೋಗುತ್ತೀರಾ ಎಂದು ಕೇಳಿದರು. ಅವರು ಲೋಟ ಕೆಳಗಿಟ್ಟು ಎದ್ದೇಬಿಟ್ಟರು. ಅತ್ತೆ ಬೇಡ ಬೇಡ ಎಂದರು, ಹಾಗೆನ್ನುತ್ತಲೇ ಸೆರಗು ಸರಿಮಾಡಿಕೊಂಡು ಕುರ್ಚಿಯಲ್ಲಿ ಕೂತರು. ಮೆಟ್ಟಿಲ ತಿರುವಿನಲ್ಲಿ ಕುರ್ಚಿ ಓರೆಯಾದಾಗ ಕಣ್ಣು ಮುಚ್ಚಿಕೊಂಡರು. ನಾನು ಹಿಂದಿನಿಂದ ಕುರ್ಚಿಯ ಕಾಲು ಹಿಡಿದಿದ್ದೆ, ಅದರಿಂದ ಏನೂ ಉಪಯೋಗವಿರಲಿಲ್ಲ.

ಬಾಲ್ಕನಿಯಲ್ಲಿ ಕೂರಿಸಿ ಮಾಮಿಗೆ ಫೋನು ಮಾಡಿದೆವು. ಕಿಟಕಿಯ ಪರದೆ ಸರಿಯಿತು. ಮಾಮಿ ಕನ್ನಡಕ ಏರಿಸಿ ನೋಡಿದರು.

"ಎನ್ನಡಿ, ಇಪ್ಪಡಿ ಇಳಚ್ಚು ಪೋಯಿಟ್ಟೆ?"

ಸೊರಗಿಲ್ಲ, ಮೊದಲಿನಿಂದಲೂ ಹೀಗೇ ಇದ್ದೀನಿ, ನಿನಗೇ ಕಣ್ಣು ಮಂಜು ಎಂದು ಅತ್ತೆ ತಮಿಳಿನಲ್ಲೇ ಉತ್ತರ ಕೊಟ್ಟರು. ಬೆಳಿಗ್ಗೆ ತಾನೇ ಫೋನಿನಲ್ಲಿ ಎಲ್ಲ ಮಾತಾಡಿ ಮುಗಿಸಿದ್ದರಲ್ಲ, ಹೊಸದಾಗಿ ಹೇಳಲು ಏನೂ ಇದ್ದ ಹಾಗೆ ಕಾಣಲಿಲ್ಲ. ಮಾಮಿ ಹೊಸ ಪರದೆಯ ಬಟ್ಟೆಯನ್ನು ಎತ್ತಿ ತೋರಿಸಿದರು. ಅತ್ತೆ ಚೆನ್ನಾಗಿದೆ ಎಂದರು. ಇಬ್ಬರೂ ಅತ್ತಾರು, ನಾನೂ ಅಳಬೇಕಾದೀತು ಎಂದು ನಾನು ಕಾದಿದ್ದೆ. ಅವರು ಕೈ ಮಡಿಲಲ್ಲಿಟ್ಟುಕೊಂಡು ಒಬ್ಬರನ್ನೊಬ್ಬರು ನೋಡುತ್ತ ಕೂತರು, ಬಸ್ಸು ಕಾಯುವವರ ಹಾಗೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, ಪಾಪ ಆ ಆಳುಗಳಿಗೆ ಹೊತ್ತಾಗುತ್ತೆ, ನನ್ನನ್ನು ಇಳಿಸಿ ಎಂದರು. ಮಾಮಿ ಕಿಟಕಿಯಲ್ಲೇ ಇದ್ದರು.

ಆಮೇಲೆ ಎಷ್ಟೋ ಸಲ ಕೇಳಿದೆವು, ಯಾರನ್ನಾದರೂ ಕರೆಸಿ ಹೊತ್ತುಕೊಂಡು ಹೋಗುತ್ತೇವೆ ಎಂದೆವು. ಇನ್ನೊಂದಿನ ನೋಡೋಣ ಎನ್ನುತ್ತಾರೆ. ಅವರಿಗೆ ಆ ಒಂದು ಸಲ ಸಾಕಾಯಿತೋ, ಬೇರೆಯವರ ಕೈಲಿ ಹೊರಿಸಿಕೊಳ್ಳುವುದು ನಾಚಿಕೆಯೋ, ಹೋಗಿ ಬಂದ ಮೇಲೆ ಏನಾದರೂ ಬೇಸರವಾಯಿತೋ, ನನಗೆ ಇವತ್ತಿಗೂ ಗೊತ್ತಾಗಿಲ್ಲ. ಫೋನಿನ ಮಾತು ಮಾತ್ರ ಎಂದಿನಂತೆ ನಡೆದಿದೆ.

ಲಿಫ್ಟಿನ ಕಥೆಯೂ ಹೀಗೆಯೇ. ಸ್ವಿಚ್ಚು ಒತ್ತಿದರೆ ಕಾರು ಮೆಲ್ಲಗೆ ಏಳುತ್ತದೆ. ಸೈಲೆನ್ಸರಿನ ಬೋಲ್ಟನ್ನು ಸ್ಟೂಲಿನ ಮೇಲೆ ಕೂತು ಬಿಚ್ಚಿದೆ, ಸೊಂಟಕ್ಕೆ ಏನೂ ಆಗಲಿಲ್ಲ. ಆದರೆ ಗೇರ್ ಬಾಕ್ಸಿನ ಆಯಿಲ್ ಬದಲಾಯಿಸಲು ಹೋದರೆ ಕತ್ತರಿಯ ಕಾಲುಗಳೇ ಅಡ್ಡ. ಒಂದು ಪಕ್ಕಕ್ಕೆ ವಾಲಿ, ಕತ್ತು ತಿರುಚಿ ಕೈ ತೂರಿಸಬೇಕು. ಎರಡು ಕಂಬದ್ದೇ ಆಗಬೇಕಿತ್ತೇನೋ ಎಂದು ನನ್ನ ಗಂಡ ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಎರಡು ಕಂಬದ್ದು ಹಾಕಿದ್ದರೆ ಬೇರೇನೋ ಅಡ್ಡ ಬರುತ್ತಿತ್ತು ಎಂದು ಒಂದೊಂದು ಸಲ ಅನಿಸುತ್ತದೆ.

ಮೆಟ್ಟಿಲ ಕಂಬಿಯ ಮೇಲೆ ಜಾರಿಕೊಂಡು ಹತ್ತುವ ಕುರ್ಚಿಯೊಂದು ಸಿಗುತ್ತದಂತೆ. ಬಾಲ್ಕನಿ ಕತ್ತರಿಸಬೇಕಾಗಿಲ್ಲ, ಯಾರೂ ಹೊರಬೇಕಾಗಿಲ್ಲ. ಮೊನ್ನೆ ಅದರವರಿಗೆ ಫೋನು ಮಾಡಿದೆವು. ಅತ್ತೆ ಬೇಡ ಎನ್ನಲಿಲ್ಲ, ಬೇಕು ಎಂದೂ ಹೇಳಲಿಲ್ಲ. ಬರುವ ಶುಕ್ರವಾರ ಅಳತೆಗೆ ಬರುತ್ತೇವೆ, ಅದಕ್ಕೆ ಮೊದಲು ಒಂದು ವಿಷಯ ತಿಳಿಸಿ, ನಿಮ್ಮ ಮೆಟ್ಟಿಲು ಎಡಕ್ಕೆ ತಿರುಗುತ್ತದೋ ಬಲಕ್ಕೋ ಎಂದು ಆ ಕಡೆಯವರು ಕೇಳಿದರು. ಫೋನು ಸ್ಪೀಕರಿನಲ್ಲಿತ್ತು. ನಾನು ಮೇಲಿನ ಮೆಟ್ಟಿಲಲ್ಲಿ ನಿಂತಿದ್ದೆ, ನನ್ನ ಗಂಡ ಕೆಳಗೆ. ಎಡಕ್ಕೆ ಎಂದೆ ನಾನು. ಬಲಕ್ಕೆ ಎಂದರು ಅವರು.