ಬಿಗಿಯಪ್ಪನ ಒಂಬತ್ತು ಚೆಂಡು

ನಾನು ಬಿಳಿ ಚೆಂಡಿಗೆ ಕೋಲು ಮುಟ್ಟಿಸಿದೆನೆಂದರೆ ಕೆಳಗಿನ ಟೈರು ಅಂಗಡಿಯಲ್ಲಿ ಹೊಸ ಟೈರುಗಳು ಹೆದರಿ ತಾವಾಗಿಯೇ ಗಾಳಿ ಬಿಡುತ್ತಿದ್ದವು. ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಉತ್ಪ್ರೇಕ್ಷೆ ನನ್ನ ಮೈಗೆ ಆಗುವುದಿಲ್ಲ. ಹನ್ನೆರಡು ವರ್ಷ, ಆ ಮಹಡಿಯ ಮೇಲಿನ ಪೂಲ್ ಕ್ಲಬ್ಬಿನಲ್ಲಿ, ಆಟ ಶುರು ಮಾಡುವ ಹೊಡೆತ ನನ್ನದಾದಾಗಲೆಲ್ಲ ಒಂದಾದರೂ ಚೆಂಡು ಗುಂಡಿಗೆ ಬಿದ್ದೇ ಬಿದ್ದಿದೆ. ಬೇರೆ ಕ್ಲಬ್ಬುಗಳಲ್ಲಿ ಬೀಳುತ್ತಿರಲಿಲ್ಲ, ನಿಜ. ಒಂದು ಕಡೆ ಮೇಜಿನ ಬಟ್ಟೆ ತೇವವಾಗಿತ್ತು. ಇನ್ನೊಂದು ಕಡೆ ದೀಪ ಅಲ್ಲಾಡುತ್ತಿತ್ತು. ಮತ್ತೊಂದು ಕಡೆ ಎದುರಾಳಿಯ ಮೀಸೆ ಸರಿ ಇರಲಿಲ್ಲ. ಪ್ರತಿಭೆ ಇದ್ದವನಿಗೆ ಮೇಜುಕುರ್ಚಿಗಳೂ ಹಗೆ.

ಇಂಥ ನನ್ನ ಪ್ರತಿಭೆಗೆ ಅಡ್ಡಲಾಗಿ, ಮೇಜಿನ ಆ ತುದಿಯಲ್ಲಿ ಸದಾ ಬಗ್ಗಿ ನಿಂತಿರುತ್ತಿದ್ದವನು ಬಿಗಿಯಪ್ಪ. ಹೆತ್ತವರು ಇಟ್ಟ ಹೆಸರೇನೋ. ಅದನ್ನು ಕೇಳುವಷ್ಟು ಮರ್ಯಾದೆಯನ್ನು ನಾವ್ಯಾರೂ ಅವನಿಗೆ ಕೊಟ್ಟಿರಲಿಲ್ಲ. ಅವನ ಕೆಲಸ ಇಷ್ಟೇ: ಆಟ ಮುಗಿದ ಮೇಲೆ ಒಂಬತ್ತು ಬಣ್ಣದ ಚೆಂಡುಗಳನ್ನು ಹೆಕ್ಕಿ ತಂದು, ಮರದ ಚೌಕಟ್ಟಿನೊಳಗೆ ಒತ್ತೊತ್ತಾಗಿ ಕೂರಿಸಿ, ಚೌಕಟ್ಟು ಎತ್ತಿಕೊಂಡು ಪಕ್ಕಕ್ಕೆ ಸರಿಯುವುದು. ಕತ್ತೆಗೆ ಎರಡು ಕೈ ಇದ್ದಿದ್ದರೆ ಕತ್ತೆಯೂ ಮಾಡಿಬಿಡುತ್ತಿತ್ತು, ಅದೂ ಬಾಲ ಅಲ್ಲಾಡಿಸುತ್ತ.

ಇವನೋ, ಮೊದಲು ಅಂಗೈಯಿಂದ ಬಟ್ಟೆ ಸವರುತ್ತಿದ್ದ. ಒಂದನೇ ನಂಬರಿನ ಹಳದಿ ಚೆಂಡನ್ನು ಚುಕ್ಕಿಯ ಮೇಲಿಟ್ಟು, ಉಳಿದವನ್ನು ಅದರ ಬೆನ್ನಿಗೆ ಕೂರಿಸಿ, ಎರಡು ಹೆಬ್ಬೆರಳಿನಿಂದ ಹಿಂದಿನಿಂದ ಒತ್ತುತ್ತಿದ್ದ. ಆಮೇಲೆ ಗಲ್ಲವನ್ನು ಮೇಜಿಗೆ ಊರಿ, ಒಂದು ಕಣ್ಣು ಮುಚ್ಚಿ, ಚೆಂಡು ಚೆಂಡಿನ ನಡುವೆ ಬೆಳಕು ತೂರುತ್ತದೆಯೇ ಎಂದು ನೋಡುತ್ತಿದ್ದ. ಕೂದಲೆಳೆಯಷ್ಟು ಕಂಡರೂ ಎಲ್ಲವನ್ನೂ ಕಲಸಿ ಮತ್ತೆ ಮೊದಲಿನಿಂದ. ಯಾವ ಚೆಂಡು ಎಷ್ಟು ಸವೆದಿದೆ ಎಂಬುದು ಅವನಿಗೆ ಸ್ವಂತ ಹಲ್ಲುಗಳಿಗಿಂತ ಚೆನ್ನಾಗಿ ಗೊತ್ತಿತ್ತು. ಅವನ ಒಂದು ಜೋಡಣೆ ಶುರುವಾದಾಗ ನನ್ನ ತಲೆಯಲ್ಲಿ ಕಪ್ಪು ಕೂದಲಿತ್ತು. "ಹ್ಞೂಂ, ಹೊಡೀರಿ" ಎಂದು ಅವನು ಅನ್ನುವ ಹೊತ್ತಿಗೆ ಬಾಚಣಿಗೆಯೇ ಬೇಡವಾಗಿತ್ತು.

"ಏನಯ್ಯಾ, ಚೆಂಡು ಜೋಡಿಸ್ತಿದ್ದೀಯೋ, ಮೊಟ್ಟೆಗೆ ಕಾವು ಕೊಡ್ತಿದ್ದೀಯೋ?" ಎಂದು ಕೇಳಿದರೆ ಅವನದು ಒಂದೇ ಉತ್ತರ.

"ನಿಮ್ಮ ನೆರಳು ಬೀಳ್ತಿದೆ ಸಾರ್. ಸ್ವಲ್ಪ ಆ ಕಡೆ."

ಈ ರೋಗ ಅವನಿಗೆ ಅಂಟಿದ್ದು ಅಚ್ಚುಕೂಟದಲ್ಲಿ. ಮೂವತ್ತು ವರ್ಷ ಅಲ್ಲಿ ಸೀಸದ ಮೊಳೆ ಜೋಡಿಸಿದವನು. ಒಂದೊಂದೇ ಅಕ್ಷರದ ಮೊಳೆ ಹೆಕ್ಕಿ, ಸಾಲು ಮಾಡಿ, ಕಬ್ಬಿಣದ ಚೌಕಟ್ಟಿನಲ್ಲಿ ಬಿಗಿಯಬೇಕು. ಎತ್ತಿದಾಗ ಒಂದು ಅಲ್ಪವಿರಾಮವೂ ಉದುರಬಾರದು. ಸಡಿಲವಾದರೆ ಪುಟಕ್ಕೆ ಪುಟವೇ ನೆಲದ ಪಾಲು. ಅಲ್ಲಿಗೆ ಕಂಪ್ಯೂಟರ್ ಬಂತು. ಮೊಳೆಗಳನ್ನೆಲ್ಲ ಗುಜರಿಯವನು ತೂಕಕ್ಕೆ ಕೊಂಡುಹೋದ. ಇವನನ್ನು ಮಾತ್ರ ಬೇಡವೆಂದು ಬಿಟ್ಟುಹೋದ.

ಮನೆಯಲ್ಲಿಟ್ಟುಕೊಳ್ಳಲು ಹೆಂಡತಿಗೂ ಮನಸ್ಸಿರಲಿಲ್ಲ. ಆಕೆಯೇ ಕ್ಲಬ್ಬಿನ ಒಡತಿಯ ಬಳಿಗೆ ಬಂದು, "ಡಬ್ಬಿಗಳನ್ನ ಎಷ್ಟು ಒತ್ತಾಗಿ ಜೋಡಿಸಿಟ್ಟಿದಾರೆ ಅಂದ್ರೆ, ಸಕ್ಕರೆ ತೆಗೀಬೇಕಾದ್ರೆ ಉಪ್ಪಿನ ಡಬ್ಬಿ ಕೈಕಾಲು ಹಿಡೀಬೇಕು. ಹಗಲು ಹೊತ್ತಾದ್ರೂ ಇವರನ್ನ ನೀವಿಟ್ಕೊಳ್ಳಿ ತಾಯಿ" ಎಂದು ಬಿಟ್ಟುಹೋದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಲೋಕಜ್ಞಾನವಂತೂ ಅವನಿಗೆ ಸೊನ್ನೆ. ಒಮ್ಮೆ ಅವನ ಸ್ವಂತ ಅಳಿಯನೇ ಪಂದ್ಯವಾಡಲು ಬಂದು ಕಿವಿಯಲ್ಲಿ ಉಸುರಿದ: "ಮಾವ, ನಾನು ಹೊಡಿಯುವಾಗ ಬಿಗಿಯಾಗಿರ್ಲಿ. ಎದುರಾಳಿ ಸರದಿ ಬಂದಾಗ ಹಿಂದಿನ ಚೆಂಡು ಒಂದು ಚೂರು ಬಿಟ್ಟಿರ್ಲಿ. ಯಾರಿಗೆ ಗೊತ್ತಾಗುತ್ತೆ?"

"ಸಡಿಲ ಜೋಡಿಸೋದು ನಂಗೆ ಬರಲ್ಲ ಅಳಿಯಂದ್ರೇ. ಕಲಿಯೋ ವಯಸ್ಸೂ ಅಲ್ಲ."

ಅಳಿಯ ಸೋತ. ಮಗಳು ಆರು ತಿಂಗಳು ತವರಿನ ಕಡೆ ತಲೆ ಹಾಕಲಿಲ್ಲ. ಮಾವನೋ ಮರುದಿನ ಅದೇ ಮೇಜಿಗೆ ಗಲ್ಲ ಊರಿಕೊಂಡು ಬೆಳಕು ಹುಡುಕುತ್ತಿದ್ದ. ಇಂಥವನ ಮೇಲೆ ಗೌರವ ಹುಟ್ಟಬೇಕೆಂದರೆ ಹೇಗೆ ಹುಟ್ಟೀತು?

ಕೊನೆಗೆ ನನ್ನ ತಾಳ್ಮೆಯ ಕಟ್ಟೆ ಒಡೆಯಿತು. ಕನ್ನಡಕದ ಅಂಗಡಿಯ ಗೆಳೆಯನಿಂದ ಒಂದು ಅರ್ಜಿ ಬರೆಸಿದೆ: ಬಿಗಿಯಪ್ಪ ಆಟದ ಹೊತ್ತು ತಿನ್ನುತ್ತಾನೆ, ಚೆಂಡು ಯಾರು ಜೋಡಿಸಿದರೂ ಒಂದೇ, ಇನ್ನು ಮುಂದೆ ಆಟಗಾರರೇ ಜೋಡಿಸಿಕೊಳ್ಳಲಿ. ಹದಿನಾಲ್ಕು ಜನ ಸಹಿ ಹಾಕಿದರು. ಒಡತಿ ಗಲ್ಲಾದ ಹಿಂದೆ ಬೆಕ್ಕನ್ನು ತೊಡೆಯ ಮೇಲಿಟ್ಟುಕೊಂಡೇ ಓದಿದಳು.

"ಯಾರು ಜೋಡಿಸಿದ್ರೂ ಒಂದೇ ಅಂತೀಯಾ ಅಣ್ಣಾ?"

"ಹೊಡೆಯೋ ಕೈ ಮುಖ್ಯ ತಾಯಿ. ಜೋಡಿಸೋ ಕೈದೇನಿದೆ?"

"ಸರಿ. ನಾಳೆ ಮಧ್ಯಾಹ್ನ ಐದು ಸಲ ನೀನೇ ಜೋಡಿಸ್ಕೊಂಡು ಹೊಡಿ. ಐದು ಸಲ ಅವರು ಜೋಡಿಸ್ಲಿ, ನೀನು ಹೊಡಿ. ಚೆಂಡು ಬೀಳೋದ್ರಲ್ಲಿ ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ಅವರು ನಾಡಿದ್ದಿಂದ ಬರೋದು ಬೇಡ."

ಬಿಗಿಯಪ್ಪ ಚೌಕಟ್ಟನ್ನು ಒರೆಸುತ್ತ ನಿಂತಿದ್ದ. "ಇದೂ ಹೋದ್ರೆ, ನನ್ನ ಕೈಗೆ ಗೊತ್ತಿರೋ ಕೆಲಸ ಇನ್ನೊಂದು ಉಳಿದಿಲ್ಲಮ್ಮ" ಎಂದಷ್ಟೇ ಹೇಳಿ ಮತ್ತೆ ಒರೆಸತೊಡಗಿದ.

ಮರುದಿನ ಮಧ್ಯಾಹ್ನ ಸಹಿ ಹಾಕಿದ ಹದಿನಾಲ್ಕೂ ಜನ ಬಂದು ಮೇಜಿನ ಸುತ್ತ ನೆರೆದರು. ನಾನು ಮಖಮಲ್ಲಿನ ಪೆಟ್ಟಿಗೆಯಿಂದ ನನ್ನ ಕೋಲು ತೆಗೆದೆ. ಚೆಂಡುಗಳನ್ನು ಹತ್ತು ಸೆಕೆಂಡಿನಲ್ಲಿ ಚೌಕಟ್ಟಿಗೆ ಸುರಿದು, ಅಲ್ಲಾಡಿಸಿ, ಎತ್ತಿದೆ. ಹೊಡೆದೆ. ಕಟ್ಟಡ ನಡುಗಿತು, ಬೆಕ್ಕು ಗಲ್ಲಾದಿಂದ ಹಾರಿತು. ಚೆಂಡು? ಒಂದೂ ಬೀಳಲಿಲ್ಲ. ಎರಡನೆಯ ಸಲವೂ ಇಲ್ಲ, ಮೂರನೆಯ ಸಲವೂ ಇಲ್ಲ. ಮಳೆಗೆ ಸೂರಿನಡಿ ನಿಂತ ಕುರಿಗಳ ಹಾಗೆ ಐದಾರು ಚೆಂಡು ಅಲ್ಲೇ ಒಂದಕ್ಕೊಂದು ಆತುಕೊಂಡಿದ್ದವು.

ನಾಲ್ಕನೆಯ ಸಲ ನಾನು ಚೌಕಟ್ಟು ಎತ್ತಿದ ಕೂಡಲೇ ಬಿಗಿಯಪ್ಪನ ಸ್ವರ ಕೇಳಿತು.

"ಸಾರ್, ಎಡಗಡೆ ಎರಡನೇದು ಬಿಟ್ಟಿದೆ. ಸರಿ ಮಾಡ್ಕೊಂಡು ಹೊಡೀರಿ."

ನಾನು ಅವನ ಮುಖ ನೋಡಿದೆ. "ಅಲ್ಲಯ್ಯಾ, ಇದು ಸರಿಯಾದ್ರೆ ನಿನ್ನ ಅನ್ನಕ್ಕೇ ಕಲ್ಲು ಬೀಳೋದು. ತಲೆ ನೆಟ್ಟಗಿದೆ ತಾನೇ?"

"ಕೆಲಸದ ಮಾತು ಬೇರೆ ಸಾರ್. ಬಿರುಕು ಬಿರುಕೇ."

ಮೂರ್ಖತನಕ್ಕೂ ಒಂದು ಮಿತಿ ಬೇಡವೇ! ಅವನ ಮಾತು ಕೇಳಿದರೆ ನನ್ನ ಮಾನ ಹೋದೀತೆಂದು ಹಾಗೇ ಹೊಡೆದೆ. ಬೀಳಲಿಲ್ಲ. ಐದನೆಯದೂ ಅಷ್ಟೇ.

ಈಗ ಅವನ ಸರದಿ. ನನಗೊಂದು ಉಪಾಯ ಹೊಳೆಯಿತು. ನನ್ನದು ಐದಕ್ಕೆ ಸೊನ್ನೆ. ಅವನ ಜೋಡಣೆಗೂ ಸೊನ್ನೆ ಬಂದರೆ ವ್ಯತ್ಯಾಸವೆಲ್ಲಿ? ಅವನು ಮನೆಗೆ. ಹನ್ನೆರಡು ವರ್ಷದ ನನ್ನ ಕೀರ್ತಿಗೆ ಒಂದು ಮಧ್ಯಾಹ್ನ ಕಪ್ಪು ಹತ್ತಿದರೂ ಚಿಂತೆಯಿಲ್ಲ, "ಇವತ್ತು ಕೈ ನೋವು" ಅಂದರಾಯಿತು. ಮೆತ್ತಗೆ ಹೊಡೆಯುವುದೆಂದು ನಿಶ್ಚಯಿಸಿದೆ.

ಬಿಗಿಯಪ್ಪ ಸವರಿದ, ಒತ್ತಿದ, ಗಲ್ಲ ಊರಿದ, ಕಲಸಿದ, ಮತ್ತೆ ಒತ್ತಿದ. ಕನ್ನಡಕದವನು ಎರಡು ಸಲ ಆಕಳಿಸಿದ. "ಹ್ಞೂಂ, ಹೊಡೀರಿ."

ಎಳೆಗರುವಿನ ಬೆನ್ನು ತಟ್ಟುವ ಹಾಗೆ ತಟ್ಟಿದೆ. ಬಿಳಿ ಚೆಂಡು ಸಂಜೆಯ ವಾಕಿಂಗಿಗೆ ಹೊರಟ ಪಿಂಚಣಿದಾರನಂತೆ ಸಾಗಿ ಹಳದಿಯನ್ನು ಮುಟ್ಟಿತು. ಗುಂಪಿನ ಪಕ್ಕದಲ್ಲಿದ್ದ ಚೆಂಡೊಂದು ಸದ್ದಿಲ್ಲದೆ ಹೊರಟು, ನೇರವಾಗಿ ಮೂಲೆಯ ಗುಂಡಿಗೆ ಇಳಿಯಿತು.

"ಒಂದು" ಎಂದಳು ಒಡತಿ.

ಎರಡನೆಯ ಸಲ ಇನ್ನೂ ಮೆತ್ತಗೆ. ಅದೇ ಚೆಂಡು, ಅದೇ ಗುಂಡಿ. ಮೂರನೆಯ ಸಲ ಬಿಳಿ ಚೆಂಡು ತಲುಪುತ್ತದೋ ಇಲ್ಲವೋ ಎಂದು ಹದಿನಾಲ್ಕು ಜನ ಉಸಿರು ಬಿಗಿಹಿಡಿದರು. ಕನ್ನಡಕದವನು ಉಗುರು ಕಚ್ಚಿದ. ತಲುಪಿತು. ಬಿತ್ತು. ಮುಂದಿನ ಎರಡರ ಕಥೆಯೂ ಇಷ್ಟೇ, ಹೇಳಿ ನನ್ನನ್ನು ನಾನೇ ಏಕೆ ನೋಯಿಸಿಕೊಳ್ಳಲಿ?

ಒಡತಿ ಅರ್ಜಿಯನ್ನು ನಾಲ್ಕಾಗಿ ಮಡಚಿ ಅಲ್ಲಾಡುತ್ತಿದ್ದ ಕುರ್ಚಿಯ ಕಾಲಿನಡಿ ಇಟ್ಟಳು. "ನಾಳೆ ಹೊತ್ತಿಗೆ ಸರಿಯಾಗಿ ಬನ್ನಿ" ಎಂದು ಬಿಗಿಯಪ್ಪನಿಗೆ ಹೇಳಿದಳು. ಸಹಿ ಹಾಕಿದವರೇ ಬಿದ್ದು ಬಿದ್ದು ನಗುತ್ತಿದ್ದರು. ಕನ್ನಡಕದವನ ಕನ್ನಡಕವೇ ಜಾರಿ ಬಿತ್ತು.

ನಾನು ಸೋತು ಸುಮ್ಮನಿರುವ ಜಾತಿಯವನಲ್ಲ. ಕೋಲಿಗೆ ಚಾಕ್ ಉಜ್ಜುತ್ತ, "ಇವತ್ತು ಕೈ ಬಿಗಿಹಿಡಿದು ಹೊಡೆದೆ ಕಣಯ್ಯಾ. ಇನ್ನೊಂದ್ಸಲ ಜೋಡಿಸು, ನನ್ನ ನಿಜವಾದ ಹೊಡೆತ ತೋರಿಸ್ತೀನಿ" ಎಂದೆ.

ಬಿಗಿಯಪ್ಪ ಚೆಂಡುಗಳನ್ನು ಹೆಕ್ಕಿ ತಂದ. ಸವರಿದ, ಒತ್ತಿದ, ಮೇಜಿಗೆ ಗಲ್ಲ ಊರಿದ. ಆ ಒಂದು ಕಣ್ಣನ್ನು ಬೆಳಕಿನಿಂದ ಕೀಳದೆಯೇ ಹೇಳಿದ:

"ನಾಳೆಯಿಂದ ಆ ಕೋಲು ಹೊತ್ಕೊಂಡು ಬರೋ ಕಷ್ಟ ಯಾಕೆ ಸಾರ್? ಬಂದು ಒಂದ್ಸಲ ಸೀನಿ ಹೋಗಿ, ಸಾಕು."